ವೇಷಭೂಷಣ ದಿನದಿಂದ ಸೃಜನಶೀಲತೆ ಬೆಳೆಯುತ್ತದೆಯೇ?

ಶಾಲೆಯ 'ಬಹುಸಂಸ್ಕೃತಿ ದಿನ'ದಿಂದ ಗಣಿತ, ವಿಜ್ಞಾನದ ಸಮಯ ಹಾಳಾಗುವುದಿಲ್ಲವೇ ಎಂದು ಕೇಳಿದ್ದೀರಿ. ವರ್ಷಕ್ಕೊಮ್ಮೆ ವೇಷ ಹಾಕಿ, ಕುಣಿದು ಮುಗಿಸುವುದಾದರೆ ನಿಮ್ಮ ಅನುಮಾನ ಸರಿಯೇ. ಬಹುಸಂಸ್ಕೃತಿ ಶಿಕ್ಷಣದ ಹಿರಿಯ ವಿದ್ವಾಂಸ ಜೇಮ್ಸ್ ಬ್ಯಾಂಕ್ಸ್ ಹೇಳಿದ, ಪಾಠಕ್ಕೆ ಬೇರೆ ಬೇರೆ ಸಂಸ್ಕೃತಿಗಳನ್ನು ತರುವ ನಾಲ್ಕು ಹಂತಗಳಲ್ಲಿ ಹಬ್ಬ ಮತ್ತು ಮಹನೀಯರ ಆಚರಣೆ ಮೊದಲನೆಯದಷ್ಟೇ. ಮೂರನೆಯದರಲ್ಲಿ ಪಠ್ಯದ ದೃಷ್ಟಿಕೋನವೇ ಬದಲಾಗುತ್ತದೆ. ನನ್ನ ಪ್ರಕಾರ ಬಹುಸಂಸ್ಕೃತಿ ಬರಬೇಕಾದದ್ದೇ ಗಣಿತದ ತರಗತಿಗೆ.

13ನ್ನು 24ರಿಂದ ಗುಣಿಸಬೇಕು ಅಂದುಕೊಳ್ಳಿ. ಪ್ರಾಚೀನ ಈಜಿಪ್ಟಿನವರು ಮಗ್ಗಿಯಿಲ್ಲದೆ, ಬರೀ ದುಪ್ಪಟ್ಟು ಮಾಡುತ್ತಾ ಹೋಗುತ್ತಿದ್ದರು: 24, 48, 96, 192. ಇವು 24ರ 1, 2, 4, 8 ಪಟ್ಟು. 13 ಎಂದರೆ 1, 4, 8 ಸೇರಿದ್ದು. ಹಾಗಾಗಿ 24, 96, 192 ಕೂಡಿದರೆ 312, ಲೆಕ್ಕ ಮುಗಿಯಿತು! ಇದನ್ನು ಕಂಡ ಮಗು ಸುಮ್ಮನಿರುವುದಿಲ್ಲ, 'ಮೂರು ಪಟ್ಟು ಮಾಡುತ್ತಾ ಹೋದರೆ ಏನಾಗುತ್ತೆ?' ಎಂದು ಕೇಳುತ್ತದೆ. ಸೃಜನಶೀಲತೆ ಅಂದರೆ ನನಗೆ ಈ ಪ್ರಶ್ನೆಯೇ. ಬಣ್ಣದ ಕಾಗದ ಕತ್ತರಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನದು. ಇತಿಹಾಸದಲ್ಲೂ ಅಷ್ಟೇ, ಒಂದೇ ಯುದ್ಧವನ್ನು ಗೆದ್ದವರ ಮತ್ತು ಸೋತವರ ಬರಹಗಳಲ್ಲಿ ಓದಿಸಬೇಕು.

ಆ ದಿನವನ್ನು ನಿಲ್ಲಿಸಿ ಎನ್ನಬೇಡಿ, ಮಕ್ಕಳಿಗೆ ಅದು ಖುಷಿ. ಮುಂದಿನ ಪೋಷಕರ ಸಭೆಯಲ್ಲಿ, ಉಳಿದ ದಿನಗಳ ಪಾಠದಲ್ಲಿ ಇಂಥದ್ದು ಎಲ್ಲಿದೆ ಎಂದು ದಯವಿಟ್ಟು ಕೇಳಿ.