ದಿನಕ್ಕೆ 40 ಕಿಲೋಮೀಟರ್ ಸಾಕು: ಫ್ರಾನ್ಸ್‌ನ ಹಳ್ಳಿದಾರಿಯ ಸೈಕಲ್ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಫ್ರಾನ್ಸ್‌ನ ಲುವಾರ್ ನದಿ ದಂಡೆಯ ಸೈಕಲ್ ದಾರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲಿನಿಂದಲೂ ಪತ್ರ ಬಂದಿವೆ. ಕೆಲವನ್ನು ಆರಿಸಿ ಉತ್ತರ ಬರೆದಿದ್ದೇನೆ.

ಅಕ್ಕೋರೆ, ನನಗೆ 59, ಮನೆಯವಳಿಗೆ 55. ತೋಟದಲ್ಲಿ ದುಡಿದ ಮೈ, ಆದರೆ ಸೈಕಲ್ ಹೊಡೆಯದೆ ಬಹಳ ವರ್ಷವಾಯಿತು. ಮಗಳು ಪ್ಯಾರಿಸ್‌ನಲ್ಲಿದ್ದಾಳೆ. ಬನ್ನಿ, ಒಂದು ವಾರ ಲುವಾರ್ ದಂಡೆಯಲ್ಲಿ ಸೈಕಲ್ ಮೇಲೆ ತಿರುಗೋಣ ಅನ್ನುತ್ತಾಳೆ. ನಮ್ಮಿಂದ ಆದೀತಾ?
— ಅಡಿಕೆ ಬೆಳೆಗಾರರು, ಶಿರಸಿ ತಾಲೂಕು

ಖಂಡಿತ ಆಗುತ್ತದೆ. ಮಗಳು ಕರೆಯುವಾಗಲೇ ಹೋಗಿಬನ್ನಿ.

ಮೊದಲು ದಾರಿ ಎಂಥದ್ದು ಅಂತ ಹೇಳುತ್ತೇನೆ. 'ಲಾ ಲುವಾರ್ ಆ ವೇಲೋ' ಅನ್ನುವ ಈ ಸೈಕಲ್ ದಾರಿ ಸುಮಾರು 900 ಕಿ.ಮೀ. ಉದ್ದ. ದೇಶದ ನಡುವಿನ ನೆವೇರ್ ಪಟ್ಟಣದ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ ನದಿಯ ಜೊತೆಗೇ ಹೋಗುತ್ತದೆ. ಪೂರ್ತಿ ಹೋಗಬೇಕೆಂದೇನೂ ಇಲ್ಲ. ನಿಮ್ಮ ವಾರಕ್ಕೆ ಬ್ಲುವಾ ಊರಿನಿಂದ ಸೋಮ್ಯೂರ್‌ವರೆಗಿನ ತುಂಡು ಸಾಕು. ದಾರಿ ಬಹುಪಾಲು ಸಪಾಟು. ನೆರೆ ತಡೆಯಲು ನೂರಾರು ವರ್ಷಗಳಿಂದ ಕಟ್ಟುತ್ತಾ ಬಂದ ಏರಿಗಳ ಮೇಲೆ, ದ್ರಾಕ್ಷಿ ತೋಟದ ಬದಿಯಲ್ಲಿ, ವಾಹನ ಕಡಿಮೆ ಇರುವ ಹಳ್ಳಿರಸ್ತೆಯಲ್ಲಿ ಸಾಗುತ್ತದೆ. ತಿರುವು ತಿರುವಿಗೆ ಫಲಕ ಇದೆ. ನಿಮ್ಮೂರಿನ ಏರು-ತಗ್ಗು ಹತ್ತಿಳಿದವರಿಗೆ ಅಲ್ಲಿ ಕಾಲು ನೋಯುವುದಿಲ್ಲ. ನೋಯುವುದು ಕೂರುವ ಜಾಗ. ಅದಕ್ಕೆ ದಿನಕ್ಕೆ 40 ಕಿ.ಮೀ. ದಾಟಬೇಡಿ.

ಪ್ಯಾರಿಸ್‌ನ ಓಸ್ಟರ್ಲಿಟ್ಸ್ ಸ್ಟೇಷನ್ನಿನಿಂದ ಬ್ಲುವಾಕ್ಕೆ ನೇರ ರೈಲಿದೆ, ಎರಡು ಗಂಟೆಯೊಳಗೆ ಮುಟ್ಟಿಸುತ್ತದೆ. ಸೈಕಲ್ ಅಲ್ಲೇ ಬಾಡಿಗೆಗೆ ಸಿಗುತ್ತದೆ. ಮನೆಯವರಿಗೆ ನಡುವಿನ ಅಡ್ಡಕಂಬಿ ಕೆಳಗಿರುವ ಸೈಕಲ್ ಕೇಳಿ. ಬ್ಯಾಟರಿ ಸೈಕಲ್ ಬೇಕೆಂದರೆ ಸಂಕೋಚ ಬೇಡ. ಗಂಟೆಗೆ 25 ಕಿ.ಮೀ. ದಾಟಿದರೆ ಮೋಟಾರು ತಾನೇ ನಿಂತುಬಿಡುತ್ತದೆ, ಹೆದರಿಕೆ ಇಲ್ಲ.

ಮೊದಲ ದಿನ ಸಾಮಾನು ಬ್ಲುವಾದಲ್ಲೇ ಇಟ್ಟು ಶಾಂಬೋರ್ ಅರಮನೆಗೆ ಹೋಗಿಬನ್ನಿ. ಒಂದನೇ ಫ್ರಾನ್ಸ್ವಾ ದೊರೆ 1519ರಲ್ಲಿ ಶುರು ಮಾಡಿಸಿದ ಅರಮನೆ ಅದು. ನಡುವೆ ಒಂದಕ್ಕೊಂದು ಹೆಣೆದುಕೊಂಡ ಎರಡು ಸುತ್ತುಮೆಟ್ಟಿಲು. ಒಬ್ಬರು ಹತ್ತಿ, ಇನ್ನೊಬ್ಬರು ಇಳಿಯಿರಿ. ಕಿಂಡಿಯಲ್ಲಿ ಒಬ್ಬರಿಗೊಬ್ಬರು ಕಾಣುತ್ತೀರಿ, ಮೆಟ್ಟಿಲ ಮೇಲೆ ಮಾತ್ರ ಎಲ್ಲೂ ಎದುರಾಗುವುದಿಲ್ಲ. ಇದನ್ನು ಇಬ್ಬರೂ ಮಾಡಲೇಬೇಕು.

ಆಮೇಲೆ ಆಂಬುವಾಜ್. ಅಲ್ಲಿ ಎರಡು ರಾತ್ರಿ ಉಳಿಯಿರಿ. ಲಿಯೊನಾರ್ಡೊ ಡ ವಿಂಚಿ ಕೊನೆಯ ವರ್ಷಗಳನ್ನು ಕಳೆದು 1519ರ ಮೇ 2ರಂದು ತೀರಿಕೊಂಡ ಮನೆ, ಕ್ಲೋ ಲ್ಯೂಸೆ, ಅಲ್ಲಿದೆ. ಅಲ್ಲಿಂದ ಸುಮಾರು 15 ಕಿ.ಮೀ. ದೂರದಲ್ಲಿ ಶೆನೊನ್ಸೋ. ಇದು ಶೇರ್ ನದಿಗೆ ಅಡ್ಡಲಾಗಿ ಸೇತುವೆಯ ಮೇಲೆ ಕಟ್ಟಿದ ಅರಮನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮೊದಲ ಮಹಾಯುದ್ಧದಲ್ಲಿ ನದಿ ಮೇಲಿನ ಆ ಉದ್ದ ಹಜಾರ ಗಾಯಾಳು ಸೈನಿಕರ ಆಸ್ಪತ್ರೆಯಾಗಿತ್ತು. ಎರಡನೇ ಯುದ್ಧದಲ್ಲಿ ಶೇರ್ ನದಿಯೇ ಗಡಿ. ಒಂದು ದಂಡೆ ಜರ್ಮನ್ನರ ಕೈಯಲ್ಲಿ, ಎದುರು ದಂಡೆ ಅವರು ಕಾಲಿಡದ ಭಾಗ. ಹಜಾರದ ದಕ್ಷಿಣದ ಬಾಗಿಲು ಆ ಎದುರು ದಂಡೆಗೆ ತೆರೆಯುತ್ತದೆ. ತಪ್ಪಿಸಿಕೊಂಡು ಹೋಗುವವರು ಅದೇ ಬಾಗಿಲಿನಿಂದ ದಾಟಿದರು. ಕಪ್ಪು-ಬಿಳಿ ನೆಲಹಾಸಿನ ಮೇಲೆ ನಡೆದು ಆ ಬಾಗಿಲ ತನಕ ಹೋಗಿ. ಹೊರಗೆ ಬರೀ ಮರಗಳು, ಅಷ್ಟೇ. ಆದರೂ ಹಿಂದಿರುಗಲು ನನಗೆ ಬಹಳ ಹೊತ್ತು ಹಿಡಿಯಿತು.

ಅಲ್ಲಿಂದ ಮುಂದೆ ತೂರ್, ವಿಲಾಂದ್ರಿಯ ತೋಟ, ಸೋಮ್ಯೂರ್. ವಿಲಾಂದ್ರಿಯಲ್ಲಿ ತರಕಾರಿಯನ್ನು ರಂಗೋಲಿ ಹಾಗೆ ಬೆಳೆಸಿದ್ದಾರೆ. ತೋಟಿಗರಾದ ನೀವು ಅಲ್ಲಿಂದ ಬೇಗ ಹೊರಡಲಾರಿರಿ. ದಣಿವಾದರೆ ರೈಲು ಇದೆ. ಬ್ಲುವಾ, ಆಂಬುವಾಜ್, ತೂರ್, ಸೋಮ್ಯೂರ್ ನಾಲ್ಕೂ ಕಡೆ ಸ್ಟೇಷನ್ ಇದೆ.

ಗಾಳಿಯ ಮಾತೂ ಹೇಳಬೇಕು. ಹೆಚ್ಚಿನವರು ನದಿ ಹರಿಯುವ ದಿಕ್ಕಿಗೇ, ಸಮುದ್ರದ ಕಡೆಗೆ ಹೋಗುತ್ತಾರೆ. ಆದರೆ ಗಾಳಿ ಜಾಸ್ತಿ ಬೀಸುವುದು ಸಮುದ್ರದಿಂದ, ಪಶ್ಚಿಮದಿಂದ. ಹಿಂದೆ ಚಪ್ಪಟೆ ತಳದ ಸರಕು ದೋಣಿಗಳು ಹಾಯಿ ಬಿಚ್ಚಿ ಈ ಗಾಳಿಯಲ್ಲೇ ಹೊಳೆಗೆ ಎದುರಾಗಿ ಮೇಲೆ ಬರುತ್ತಿದ್ದವು, ಇಳಿಯುವಾಗ ಹರಿವಿನ ಜೊತೆ ಇಳಿಯುತ್ತಿದ್ದವು. ಹೊರಡುವ ಹಿಂದಿನ ದಿನ ಹವಾಮಾನ ನೋಡಿ. ಗಾಳಿ ಜೋರಿದ್ದರೆ ಸೋಮ್ಯೂರ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬ್ಲುವಾ ಕಡೆ ಬನ್ನಿ. ಬೆನ್ನಿಗೆ ಗಾಳಿ ಬಿದ್ದರೆ 40 ಕಿ.ಮೀ. ಹೋದದ್ದೇ ಗೊತ್ತಾಗುವುದಿಲ್ಲ.

ಮೇ, ಜೂನ್ ಒಳ್ಳೆಯದು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ನೋಡಬಹುದು. ಅಡಿಕೆ ಕೊಯ್ಲಿಗೆ ಮೊದಲು ಊರಿಗೂ ಮುಟ್ಟುತ್ತೀರಿ.

ಮೇಡಂ, ನನಗೆ 12 ದಿನ ರಜೆ. ಪ್ಯಾರಿಸ್, ಲುವಾರ್, ಬೋರ್ದೋ, ಕನಾಲ್ ದ್ಯು ಮಿದಿ, ಕೊನೆಗೆ ನೀಸ್. ದಿನಕ್ಕೆ 130 ಕಿ.ಮೀ. ಹೊಡೆಯಬಲ್ಲೆ. ಪ್ಲಾನ್ ಸರಿ ಇದೆಯಾ?
— ಯುವ ಓದುಗ, ಕಾರವಾರ

ನಿಮ್ಮ ಕಾಲಿನ ಶಕ್ತಿ ಮೆಚ್ಚಿದೆ ತಮ್ಮ. ಪ್ಲಾನ್ ಒಪ್ಪಲಾರೆ.

ದಿನಕ್ಕೆ 130 ಅಂದರೆ ಎಂಟು ಗಂಟೆ ಸೀಟಿನ ಮೇಲೆ. ಅರಮನೆಗಳ ಬಾಗಿಲು ತೆರೆದಿರುವ ಹೊತ್ತೂ ಅದೇ. ಅಲ್ಲಿನ ಹಳ್ಳಿ ಅಂಗಡಿಗಳು ಮಧ್ಯಾಹ್ನ 12ರಿಂದ 2ರವರೆಗೆ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನದ ನಂತರ, ಹಲವು ಕಡೆ ಸೋಮವಾರವೂ ಬಂದ್. ಓಡುತ್ತಲೇ ಇದ್ದರೆ ಊಟವೂ ತಪ್ಪುತ್ತದೆ, ಊರೂ ತಪ್ಪುತ್ತದೆ. ಇಷ್ಟು ದುಡ್ಡು ಖರ್ಚು ಮಾಡಿ ಡಾಂಬರು ನೋಡಿ ಬರುವುದು ಬೇಡ ಅಲ್ವಾ?

ಒಂದನ್ನು ಮಾತ್ರ ಆರಿಸಿ. ನಿಮ್ಮ ಪತ್ರದಲ್ಲಿ ಎಂಜಿನಿಯರ್ ಅಂತ ಬರೆದಿದ್ದೀರಿ, ಹಾಗಾಗಿ ಕನಾಲ್ ದ್ಯು ಮಿದಿ ನಿಮಗೇ ಹೇಳಿ ಮಾಡಿಸಿದ್ದು. ತುಲೂಸ್‌ನಿಂದ ಮೆಡಿಟರೇನಿಯನ್ ದಂಡೆಯವರೆಗೆ 240 ಕಿ.ಮೀ. ಕಾಲುವೆ. ಪಿಯೆರ್-ಪಾಲ್ ರಿಕೆ ಅನ್ನುವವರು 1666ರಲ್ಲಿ ಶುರು ಮಾಡಿದರು. ಅವರು ಎಂಜಿನಿಯರ್ ಅಲ್ಲ, ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದವರು. ಎರಡೂ ಕಡೆ ಇಳಿಜಾರು ಇರುವ ಕಾಲುವೆಗೆ ನಡುವಿನ ಎತ್ತರದ ಜಾಗಕ್ಕೆ ನೀರು ತರಬೇಕಲ್ಲ, ಅದೇ ಎಲ್ಲರನ್ನೂ ಸೋಲಿಸಿದ ಲೆಕ್ಕ. ರಿಕೆ 'ಕಪ್ಪು ಬೆಟ್ಟ'ದ ತೊರೆಗಳನ್ನು ತಿರುಗಿಸಿ, ಸೇಂ-ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿ ನೀರು ತಂದರು. ತಮ್ಮ ಸ್ವಂತ ದುಡ್ಡನ್ನೂ ಸುರಿದರು. 1680ರಲ್ಲಿ ತೀರಿಕೊಂಡರು. ಕಾಲುವೆ ಸಂಚಾರಕ್ಕೆ ತೆರೆದದ್ದು ಮರುವರ್ಷ. ಬೆಝಿಯೆ ಊರಿನ ಹತ್ತಿರ ಸಾಲು ಸಾಲಾಗಿ ಲಾಕ್ ಗೇಟುಗಳಿವೆ. ದೋಣಿ ಮೆಟ್ಟಿಲು ಇಳಿದ ಹಾಗೆ ಒಂದೊಂದೇ ತೊಟ್ಟಿ ಇಳಿಯುತ್ತದೆ. ಅಲ್ಲಿ ಅರ್ಧ ದಿನ ಕೂತು ನೋಡಿ.

ದಾರಿ ಎಲ್ಲ ಕಡೆ ನಯವಿಲ್ಲ. ತುಲೂಸ್ ಹತ್ತಿರ ಡಾಂಬರು, ಮುಂದೆ ಹಲವೆಡೆ ಮಣ್ಣು, ಬೇರು. ದಪ್ಪ ಟಯರ್ ಇರಲಿ. ದಂಡೆಯ ಪ್ಲೇನ್ ಮರಗಳಿಗೆ ಒಂದು ಶಿಲೀಂಧ್ರ ರೋಗ ತಗುಲಿದೆ. ಕಾಲುವೆ ಮೇಲೆ ಅದು ಪತ್ತೆಯಾದದ್ದು 2006ರಲ್ಲಿ. ಆಮೇಲೆ ಸಾವಿರಾರು ಮರ ಕಡಿದು ಸುಟ್ಟು, ಬೇರೆ ಜಾತಿಯ ಸಸಿ ನೆಡುತ್ತಿದ್ದಾರೆ. ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಹಾಳಾಗುವುದನ್ನು ಕಂಡ ಜಿಲ್ಲೆಯವರು ನಾವು. ಆ ಬೋಳು ದಂಡೆ ನೋಡಿದರೆ ಹೊಟ್ಟೆ ಚುರ್ರ್ ಅನ್ನುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಹಳ್ಳಿ ಕಡೆ ಉಪವಾಸ ಬೀಳಬೇಕಾದೀತೇ?
— ಗೃಹಿಣಿ, ಯಲ್ಲಾಪುರ

ಉಪವಾಸ ಏನಿಲ್ಲ, ಸ್ವಲ್ಪ ಎಚ್ಚರ ಬೇಕು. ಬೆಳಿಗ್ಗೆ ಬೇಕರಿಗೆ ಹೋಗಿ 'ತ್ರಾದಿಸ್ಯೋಂ' ಬ್ಯಾಗೆಟ್ ಕೇಳಿ. 1993ರ ಕಾನೂನಿನ ಪ್ರಕಾರ ಆ ಬ್ರೆಡ್ಡನ್ನು ಯಾವ ರಾಸಾಯನಿಕವೂ ಸೇರಿಸದೆ ಮಾಡಬೇಕು. ಮುಖ್ಯವಾಗಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಅದರ ಬಂಡವಾಳ. ಸಂತೆಯಲ್ಲಿ ಟೊಮೆಟೊ, ಹಣ್ಣು ತಗೊಳ್ಳಿ. ಮಧ್ಯಾಹ್ನ ಹೊಳೆದಂಡೆಯ ಬೆಂಚಿನ ಮೇಲೆ ಊಟ ಮುಗಿಸಬಹುದು.

ಚೀಸ್ ವಿಷಯ ಮಾತ್ರ ಗೊತ್ತಿರಲಿ. ತೂರ್ ಕಡೆಯ ಸೇಂತ್-ಮೋರ್ ಅನ್ನುವ ಆಡಿನ ಹಾಲಿನ ಚೀಸ್ ಬಲು ಹೆಸರುವಾಸಿ. ಬೂದಿ ಸವರಿದ ಉದ್ದನೆಯ ಉಂಡೆ, ನಡುವೆ ಒಂದು ಹುಲ್ಲುಕಡ್ಡಿ. ಮೆತ್ತಗಿನ ಚೀಸ್ ಮುರಿಯದಿರಲಿ ಅಂತ ಆ ಕಡ್ಡಿ. ಆದರೆ ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹಾಲು ಒಡೆಸಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ತಿನ್ನುವುದು ಬಿಡುವುದು ನಿಮಗೆ ಬಿಟ್ಟದ್ದು. ಈರುಳ್ಳಿ ಸೂಪ್ ಅಂದರೆ ಕುಮಟಾದವಳಾದ ನನಗೆ ಬಾಯಲ್ಲಿ ನೀರು ಬರುತ್ತದೆ, ಆದರೆ ಅದನ್ನು ಹೆಚ್ಚಾಗಿ ದನದ ಮೂಳೆಯ ರಸದಲ್ಲಿ ಮಾಡುತ್ತಾರೆ. ಕೇಳದೆ ತಿನ್ನಬೇಡಿ. 'ಸಾಂ ವ್ಯಾಂದ್, ಸಾಂ ಪ್ವಾಸೋಂ' ಅಂದರೆ ಮಾಂಸ, ಮೀನು ಇಲ್ಲದ್ದು ಅಂತ. ಇದನ್ನು ಬಾಯಿಪಾಠ ಮಾಡಿ. ಚಟ್ನಿಪುಡಿ ಒಯ್ಯಿರಿ. ತುಪ್ಪ, ಪೇಡೆ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ.

ವೀಸಾ, ಹೆಲ್ಮೆಟ್ ಬಗ್ಗೆ ಹೇಳಿ.
— ಓದುಗರು, ಹೊನ್ನಾವರ

ಷೆಂಗೆನ್ ವೀಸಾ ಬೇಕು. ಹೊರಡುವ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮುಂಚೆ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಹೆಲ್ಮೆಟ್ 12 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕಡ್ಡಾಯ, ನೀವೂ ಹಾಕಿಕೊಳ್ಳಿ. ಊರ ಹೊರಗೆ ರಾತ್ರಿ ಹೊತ್ತು ಹೊಳೆಯುವ ಜಾಕೆಟ್ ಬೇಕೇ ಬೇಕು. ಕುಡಿಯುವ ನೀರಿಗೆ ಹಳ್ಳಿಯ ಸ್ಮಶಾನದಲ್ಲಿ ನಲ್ಲಿ ಇರುತ್ತದೆ. ಕುಡಿಯಬಾರದ ನೀರೆಂದು ಫಲಕ ಇದೆಯೇ ಅಂತ ನೋಡಿಕೊಂಡು ತುಂಬಿಸಿ.

ರಾಜರ ಅರಮನೆ ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ಅದರಲ್ಲಿ ನಮ್ಮಂಥ ಸಾಮಾನ್ಯರದ್ದು ಏನಿದೆ?
— ನಿವೃತ್ತ ಶಿಕ್ಷಕರು, ಅಂಕೋಲಾ

ಮಾಸ್ತರೇ, ಒಳ್ಳೆಯ ಪ್ರಶ್ನೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರಿನವರು ನೀವು, ನಿಮಗೆ ಉಪ್ಪಿನಿಂದಲೇ ಹೇಳುತ್ತೇನೆ.

ಲುವಾರ್ ಸಮುದ್ರ ಸೇರುವ ಜಾಗದ ಉತ್ತರಕ್ಕೆ ಗೆರಾಂದ್ ಅಂತ ಊರಿದೆ. ಅಲ್ಲಿ ಇಂದಿಗೂ ಗದ್ದೆಗೆ ಸಮುದ್ರದ ನೀರು ಬಿಟ್ಟು, ಬಿಸಿಲಿಗೆ ಒಣಗಿಸಿ, ಉದ್ದ ಹಿಡಿಯ ಮರದ ಹಲಗೆಯಿಂದ ಉಪ್ಪು ಎಳೆಯುತ್ತಾರೆ. ಬದುವಿನ ಮೇಲೆ ನಿಂತು ನೋಡಿದಾಗ ನಮ್ಮ ಸಾಣಿಕಟ್ಟಾದ ಆಗರವೇ ಕಣ್ಣೆದುರು ಬಂತು. ಆ ಕರಾವಳಿಯ ಉಪ್ಪು ದೋಣಿಯಲ್ಲಿ ಲುವಾರ್ ಹೊಳೆ ಹತ್ತಿ ಒಳನಾಡಿಗೆ ಹೋಗುತ್ತಿತ್ತು. ಆ ಕರಾವಳಿ ಸೇರಿದ್ದ ಬ್ರಿಟನಿ ಪ್ರಾಂತ್ಯದಲ್ಲಿ ಉಪ್ಪಿಗೆ ರಾಜತೆರಿಗೆ ಇರಲಿಲ್ಲ, ಪಕ್ಕದ ಆಂಜೂನಲ್ಲಿ ಭಾರಿ ತೆರಿಗೆ. ಗಡಿ ದಾಟಿದರೆ ಅದೇ ಉಪ್ಪಿಗೆ ಹಲವು ಪಟ್ಟು ಬೆಲೆ. ಬಡವರು ರಾತ್ರಿ ಬೆನ್ನ ಮೇಲೆ ಹೊತ್ತು ದಾಟಿಸುತ್ತಿದ್ದರು. ಪದೇ ಪದೇ ಸಿಕ್ಕಿಬಿದ್ದವರಿಗೆ ರಾಜನ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ. ಕ್ರಾಂತಿ ಬಂದ ಮೇಲೆ, 1790ರಲ್ಲಿ ಆ ತೆರಿಗೆ ತೆಗೆದರು. ಗಡಿಯಲ್ಲಿದ್ದ ಆಂಗ್ರಾಂದ್ ಊರಿನ ಮೇಲೇ ಸೈಕಲ್‌ನಲ್ಲಿ ಹೋಗಬಹುದು.

ಇನ್ನೊಂದು. ನದಿಬದಿಯ ಹಳ್ಳಿಗಳಲ್ಲಿ ಮನೆ ಗೋಡೆ ನೋಡುತ್ತಾ ಹೋಗಿ. ಒಂದು ಕಡೆ ಬಿಳಿ ಸುಣ್ಣಕಲ್ಲಿನ ಗೋಡೆಯಲ್ಲಿ ಮೂರು ಗೆರೆ ಕೊರೆದಿದ್ದರು: 1846, 1856, 1866. ಲುವಾರ್ ಉಕ್ಕಿದ ವರ್ಷಗಳು. ಒಂದು ಗೆರೆ ನನ್ನ ತಲೆಗಿಂತ ಮೇಲಿತ್ತು, ಕೈ ಎತ್ತಿ ಮುಟ್ಟಿದೆ. ಅದರ ಕೆಳಗೇ ಕಿಟಕಿ, ಕಿಟಕಿಯಲ್ಲಿ ಹೂವಿನ ಕುಂಡ. 2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿದ್ದನ್ನು ಕಂಡವರಿಗೆ ಆ ಗೆರೆಯ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಹೀಗೆ ಗೆರೆ ಕೊರೆದಿಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಈ ಸೈಕಲ್ ಪ್ರವಾಸವೂ ಸಾಮಾನ್ಯರ ಆಸ್ತಿಯೇ. 1936ರಲ್ಲಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಡುವ ಕಾನೂನು ಬಂತು. ಆ ಬೇಸಿಗೆ ಕಾರ್ಖಾನೆಯ ಗಂಡ-ಹೆಂಡಿರು ಸೈಕಲ್ ಮೇಲೆ, ಜೋಡಿಸೀಟಿನ ಟ್ಯಾಂಡೆಂ ಮೇಲೆ ಗುಡಾರ ಕಟ್ಟಿಕೊಂಡು ಹೊರಟರು. ಬದುಕಿನಲ್ಲಿ ಮೊದಲ ಸಲ ಸಮುದ್ರ ಕಂಡವರು ಅವರಲ್ಲಿ ಎಷ್ಟೋ ಜನ.

ಹೊರಡುವ ಮುನ್ನ ಇಲ್ಲಿ ಎಲ್ಲಿ ಅಭ್ಯಾಸ ಮಾಡಲಿ?
— ಕಾಲೇಜು ವಿದ್ಯಾರ್ಥಿನಿ, ಸಿದ್ದಾಪುರ

ದೇವಿಮನೆ ಘಟ್ಟ ಬೇಡ ತಂಗಿ, ಹೆದ್ದಾರಿ 66 ಅಂತೂ ಬೇಡವೇ ಬೇಡ, ಲಾರಿಗಳ ಕಾಟ. ಶಿರಸಿಯಿಂದ ಬನವಾಸಿಗೆ ಹೋಗಿ. ಬೆಳಿಗ್ಗೆ ಬೇಗ ಹೊರಟು, ಮಧುಕೇಶ್ವರ ದೇವಸ್ಥಾನ ನಿಧಾನಕ್ಕೆ ನೋಡಿ, ವರದಾ ದಂಡೆಯಲ್ಲಿ ಬುತ್ತಿ ಬಿಚ್ಚಿ, ಸಂಜೆ ಮರಳಿ. ಕ್ಯಾರಿಯರ್ ಚೀಲಕ್ಕೆ ಎರಡೂ ಕಡೆ ಸಮ ತೂಕದಲ್ಲಿ ಐದೈದು ಕೆ.ಜಿ. ಅಕ್ಕಿ ತುಂಬಿಕೊಳ್ಳಿ, ಭಾರ ಹೊತ್ತ ಸೈಕಲ್ ತಿರುವಿನಲ್ಲಿ ಹೇಗೆ ವಾಲುತ್ತದೆ ಅಂತ ಗೊತ್ತಾಗಲಿ. ಪಂಕ್ಚರ್ ಹಾಕುವುದನ್ನು ಸೈಕಲ್ ಅಂಗಡಿಯಲ್ಲಿ ಕೂತು ಕಲಿಯಿರಿ. ಫ್ರಾನ್ಸ್‌ನಲ್ಲಿ ರಸ್ತೆಯ ಬಲಬದಿಯಲ್ಲಿ ಹೋಗಬೇಕು. ಹೋಗುತ್ತಿರುವಾಗ ಮರೆಯುವುದಿಲ್ಲ, ಊಟ ಮುಗಿಸಿ ಖಾಲಿ ರಸ್ತೆಗೆ ಇಳಿಯುವಾಗ ಮರೆಯುತ್ತೇವೆ. ಹ್ಯಾಂಡಲ್‌ನ ಬಲಗಡೆ ಒಂದು ಕೆಂಪು ದಾರ ಕಟ್ಟಿಕೊಳ್ಳಿ.