ಸೈಡ್ ಬಿ ಬರೋ ತನಕ: ಓದುಗರ ಪ್ರಶ್ನೆ, ಅಕ್ಕಾರ ಉತ್ರ (2023ರಾಗ, ಸೈಡ್ ಬಿ ಬರೋದಕ್ಕಿಂತ ಮೊದ್ಲು ಬರದದ್ದು)

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ತಗದು ನೋಡಿದ್ರ ಅರ್ಧಕ್ಕರ್ಧ ಒಂದ ಸಿನಿಮಾದ ಮ್ಯಾಲ ಅದಾವ. ‘ಸಪ್ತ ಸಾಗರದಾಚೆ ಎಲ್ಲೋ’ ಅನ್ನೋ ಎರಡು ಭಾಗದ ಪ್ರೇಮಕಥೆ ಅದು; ಮೊದಲ ಭಾಗ ಸೈಡ್ ಎ 2023ರ ಸೆಪ್ಟೆಂಬರ್ 1ಕ್ಕ ಬಂತು, ಎರಡನೇ ಭಾಗ ಸೈಡ್ ಬಿ ನವೆಂಬರ್ 17ಕ್ಕ ಬರೋದೈತಿ, ನಡುವ ಎರಡೂವರಿ ತಿಂಗಳು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಹುಡುಗ್ರು ಹುಡುಗ್ಯಾರು ಒಂಥರಾ ಕಾಯಾಕ ಹತ್ಯಾರ. ಹಂಗಾಗಿ ಬ್ಯಾರೆ ಪ್ರಶ್ನೆ ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದನ್ನಷ್ಟ ತಗೊಂಡೀನಿ. ಸೈಡ್ ಎ ಕಥಿ ಪೂರಾ ಬಿಚ್ಚಿ ಮಾತಾಡೀನಿ, ನೋಡದವ್ರು ಮೊದ್ಲು ನೋಡಿ ಆಮ್ಯಾಲ ಓದ್ರಿ.

ಪ್ರಶ್ನೆ (ಗಂಗಾವತಿ): ಅಕ್ಕಾರ, ಮೊದ್ಲು ಅಕ್ಟೋಬರ್ ಅಂದ್ರು, ಈಗ ನವೆಂಬರ್ ಅಂತಾರ. ಮತ್ತ ಮುಂದ ಹಾಕ್ತಾರೇನು? ಕಾದು ಕಾದು ಸಾಕಾಗೈತಿ.

ಉತ್ರ: ನವೆಂಬರ್ 17, ಶುಕ್ರವಾರ ಅಂತ ಗಟ್ಟಿಯಾಗಿ ಹೇಳ್ಯಾರ. ಬಲಿಪಾಡ್ಯ 14ಕ್ಕ ಮುಗೀತೈತಿ, ಹಬ್ಬಕ್ಕ ಊರಿಗೆ ಬಂದವ್ರು ಇನ್ನೂ ಇರ್ತಾರ, ನೋಡಾಕ ಒಳ್ಳೆ ಟೈಮೇ. ಈ ಸಲ ಕನ್ನಡ, ತೆಲುಗು, ತಮಿಳು, ಮಲಯಾಳಂ ನಾಕೂ ಭಾಷೆಗೆ ಒಮ್ಮೆಲೇ ಬಿಡ್ತಾರ, ಅದಕ್ಕ ಡಬ್ಬಿಂಗು, ಥಿಯೇಟರ್ ಹೊಂದಿಸೋದು ಅಂತ ಟೈಮ್ ಬೇಕಾಗ್ತೈತಿ. ಅವಸರ ಮಾಡಿ ಅರೆಬೆಂದದ್ದು ಕೊಡೋದಕ್ಕಿಂತ ನಾಕು ವಾರ ತಡಾ ಆದ್ರೂ ಚಲೋತ್ನಾಗ ಮಾಡಿ ಕೊಡ್ಲಿ ಅನ್ನಾಕಿ ನಾನು.

ಪ್ರಶ್ನೆ (ರಾಯಚೂರು): ಅಕ್ಕ, ಈ ಡೈರೆಕ್ಟರ್ ಹೇಮಂತ್ ರಾವ್ ಅಂದ್ರ ಯಾರು? ಕಾಲೇಜಿನಾಗ ಎಲ್ಲಾರೂ ಅವರದೇ ಮಾತು ಆಡ್ತಾರ, ನನಗ ರಕ್ಷಿತ್ ಶೆಟ್ಟಿ ಬಿಟ್ರ ಯಾರೂ ಗೊತ್ತಿಲ್ಲ. ಇವರ ಮೊದಲಿನ ಪಿಕ್ಚರ್ ಯಾವ್ಯಾವು ಅದಾವ?

ಉತ್ರ: ಇದಕ್ಕೂ ಮೊದ್ಲು ಎರಡ ಮಾಡ್ಯಾರ ತಮ್ಮಾ, ಆದ್ರ ಎರಡೂ ನಿಂತು ನೋಡೋವಂಥವು. 2016ರಾಗ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, ಮರೆವಿನ ರೋಗ ಇರೋ ಅಪ್ಪ ಕಳೆದುಹೋಗ್ತಾನ, ಮಗ ಹುಡುಕ್ತಾನ, ಅಪ್ಪ ಅನಂತ್ ನಾಗ್, ಮಗ ಇದೇ ರಕ್ಷಿತ್ ಶೆಟ್ಟಿ. 2019ರಾಗ ‘ಕವಲುದಾರಿ’, ಒಬ್ಬ ಟ್ರಾಫಿಕ್ ಪೊಲೀಸು ಹಳೇ ಕೇಸಿನ ಬೆನ್ನು ಹತ್ತಿ ಹೋಗ್ತಾನ, ಪುನೀತ್ ರಾಜ್‌ಕುಮಾರ್ ಅವ್ರ ಪಿಆರ್‌ಕೆ ಬ್ಯಾನರ್‌ನಿಂದ ಬಂದ ಮೊದಲನೇ ಸಿನಿಮಾ ಅದು. ನಡುವ 2018ರಾಗ ಹಿಂದಿ ‘ಅಂಧಾಧುನ್’ ಬರವಣಿಗೆಯೊಳಗೂ ಅವ್ರ ಕೈ ಐತಿ. ಮೂರೂ ಕನ್ನಡ ಸಿನಿಮಾಕ್ಕ ಮ್ಯೂಸಿಕ್ ಚರಣ್ ರಾಜ್ ಅವ್ರದ.

ನನಗ ಅವ್ರ ಕೆಲಸದಾಗ ಇಷ್ಟ ಆಗೋದು ಒಂದು. ಮೂರರಾಗೂ ಯಾರೋ ಒಬ್ರು ಕಳೆದು ಹೋಗಿರ್ತಾರ, ಇನ್ನೊಬ್ರು ಬಿಡಲಾರದ ಹುಡುಕ್ತಿರ್ತಾರ, ಆ ಹುಡುಕೋರು ದೊಡ್ಡ ಹೀರೋ ಅಲ್ಲ, ನಮ್ಮ ನಿಮ್ಮಂಥ ನೌಕರಿ ಮಾಡೋ ಮಂದಿ. ಸೈಡ್ ಎ ಮುಗಿಯೋ ಹೊತ್ತಿಗೆ ಕಳೆದುಹೋದದ್ದು ಮನು (ರಕ್ಷಿತ್ ಶೆಟ್ಟಿ) ಅನ್ನೋ ಒಬ್ಬ ಡ್ರೈವರ್ ಕಟ್ಕೊಂಡಿದ್ದ ಪೂರ್ತಿ ಬದುಕು. ಸೈಡ್ ಬಿ ಒಳಗ ಅಂವ ಅದನ್ನ ಹೆಂಗ ಹುಡುಕ್ತಾನ, ಹುಡುಕೋ ಹಕ್ಕು ಅವನಿಗೆ ಐತೋ ಇಲ್ಲೋ, ಇದಕ್ಕ ನಾ ಕಾಯಾಕ ಹತ್ತೀನಿ.

ಪ್ರಶ್ನೆ (ತೋರಣಗಲ್ಲು ಕಡೆಯಿಂದ): ಅಕ್ಕಾ ನಮಸ್ಕಾರ, ನಾ ಇಲ್ಲೊಬ್ರ ಕಾರ್ ಓಡಿಸ್ತೀನಿ. ಸೈಡ್ ಎ ನೋಡಿ ಬಂದ ರಾತ್ರಿ ನಿದ್ದಿ ಬರಲಿಲ್ಲ. ಓನರ್ ಕಡೆಯವ್ರು ಮಾಡಿದ ಆಕ್ಸಿಡೆಂಟ್ ಡ್ರೈವರ್ ತನ್ನ ತಲಿಮ್ಯಾಲ ಹಾಕ್ಕೊಳ್ಳೋದು ಸಿನಿಮಾದಾಗಷ್ಟ ಅಲ್ಲ ಅನ್ಸತೈತಿ. ಮನು ದಡ್ಡ ಅಂತ ನನ್ನ ಗೆಳ್ಯಾರು ಅಂತಾರ, ನನಗ ಹಂಗ ಅನಸ್ಲಿಲ್ಲ.

ಉತ್ರ: ನನಗೂ ಅನಸ್ಲಿಲ್ಲ ತಮ್ಮಾ, ನಿನ್ನ ಪತ್ರ ಓದಿ ಭಾಳ ಹೊತ್ತು ಸುಮ್ನ ಕುಂತಿದ್ದೆ. ಮನುಗೆ ದುರಾಸೆ ಇರಲಿಲ್ಲ ನೋಡು. ತಾ ಪ್ರೀತಿ ಮಾಡೋ ಹುಡುಗಿ ಪ್ರಿಯಾನ ಕರ್ಕೊಂಡು ಬಾಡಿಗಿ ಮನಿ ನೋಡಾಕ ಹೋಗೋ ಸೀನ್ ನೆನಪ ಮಾಡ್ಕೋ, ಆ ಖಾಲಿ ರೂಮಿನೊಳಗ ನಿಂತು ಇಬ್ರೂ ಸಂಸಾರ ಆಗ್ಲೇ ಶುರು ಆದಂಗ ಖುಷಿ ಪಡ್ತಾರ. ಅಕಿಗೆ ಸಮುದ್ರದ ಹತ್ರ ಒಂದು ಮನಿ ಆಸೆ, ಇಂವ ತಿಂಗಳ ಪಗಾರದಾಗ ಎಷ್ಟ ಕೂಡಿಟ್ರೂ ಅದು ಆಗೋ ಮಾತಲ್ಲ. ಆಗ ಯಜಮಾನರ ಮಗನ ಕಾರಿಗೆ ಸಿಕ್ಕು ಒಬ್ರು ಸತ್ತ ಕೇಸು ಬರ್ತೈತಿ, ನೀ ಒಪ್ಕೋ, ಬೇಗ ಬಿಡಿಸ್ತೀವಿ, ರೊಕ್ಕ ಕೊಡ್ತೀವಿ ಅಂತಾರ, ಇಂವ ಒಪ್ಕೊಂಡು ಜೈಲಿಗೆ ಹೋಗ್ತಾನ. ಪ್ರೀತಿ ಮಾಡೋ ಬಡ ಹುಡುಗನಿಗೆ ಅದು ಮೋಸ ಅಂತ ಕಾಣಂಗಿಲ್ಲ, ದಾರಿ ಅಂತ ಕಾಣತೈತಿ.

ಸೈಡ್ ಎ ಕಥಿ ನಡೆಯೋದು 2010ರಾಗ. ಆ ವರ್ಷ ನಮ್ಮ ಬಳ್ಳಾರಿ ಹೆಂಗಿತ್ತು ನಿಮ್ಮನ್ಯಾಗಿನ ಹಿರ್ಯಾರನ್ನ ಕೇಳು. ಸಂಡೂರು, ಹೊಸಪೇಟಿ ರೋಡ್ ತುಂಬ ಅದಿರಿನ ಲಾರಿ, ಗಿಡದ ಎಲಿ ಸುದ್ದಾ ಕೆಂಪಾಗಿದ್ವು, ಹತ್ತನೇತ್ತ ಬಿಟ್ಟ ಹುಡುಗ್ರು ಸ್ಟೇರಿಂಗ್ ಹಿಡಿದು ದುಡಿದ್ರು, ಮನಿ ಕಟ್ಟಿಸ್ತೀವಿ, ಲಗ್ನ ಆಗ್ತೀವಿ ಅಂದ್ರು. 2011ರ ಜುಲೈ 29ಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲಾದ ಗಣಿಗಾರಿಕೆ ನಿಲ್ಲಸ್ತು, ಲಾರಿಗಳು ನಿಂತಲ್ಲೇ ನಿಂತ್ವು, ಕಂತು ಕಟ್ಟೋರು ಕಂತಿನೊಳಗ ಸಿಕ್ಕೊಂಡ್ರು. ಎಷ್ಟು ಲಗ್ನ ಆಗ ಮುರಿದು ಬಿದ್ದಾವ ಅಂತ ಯಾರೂ ಬರದಿಟ್ಟಿಲ್ಲ. ಮನು ಬೆಂಗಳೂರಿನ ಹುಡುಗ ಆದ್ರೂ ನಮ್ಮ ಕಡೆ ಹುಡುಗ್ರಿಗೆ ಅಂವ ಇಷ್ಟು ಹತ್ರ ಆಗೋದು ಇದಕ್ಕ ಅಂತ ನನ್ನ ಲೆಕ್ಕ.

ಈಗ ನೀ ಕೇಳಿದ್ದಕ್ಕ ಬರ್ತೀನಿ, ಇದನ್ನ ಸಿನಿಮಾ ಮಾತು ಅಂತ ಬಿಡಬ್ಯಾಡ. 2024ರ ಜೂನ್ ತನಕ ಜಾರಿಯೊಳಗಿದ್ದ ಐಪಿಸಿ (ಭಾರತೀಯ ದಂಡ ಸಂಹಿತೆ) ಪ್ರಕಾರ ನಿರ್ಲಕ್ಷ್ಯದಿಂದ ಗಾಡಿ ಓಡಿಸಿ ಸಾವಾದ್ರ ಸೆಕ್ಷನ್ 304ಎ, ಹೆಚ್ಚಂದ್ರ 2 ವರ್ಷ ಶಿಕ್ಷೆ ಇತ್ತು. ಆದ್ರ ಪೊಲೀಸ್ರು 304ರ ಎರಡನೇ ಭಾಗ (ಕೊಲೆ ಅಲ್ಲದ ನರಹತ್ಯೆ) ಹಾಕಿದ್ರ ಅದು 10 ವರ್ಷದ ತನಕ ಹೋಗಬಹುದಿತ್ತು, ಯಾವ ಸೆಕ್ಷನ್ ಬೀಳ್ತೈತಿ ಅನ್ನೋದು ನಿನಗ ಮಾತು ಕೊಟ್ಟವ್ರ ಕೈಯಾಗ ಇರಂಗಿಲ್ಲ. ಮಾಡಿದವನ್ನ ಉಳಿಸಾಕ ಸುಳ್ಳು ಹೇಳೋದೂ ಬ್ಯಾರೇನ ಅಪರಾಧ. ಸಿನಿಮಾದಾಗ ಏನಾತು? ಮಾತು ಕೊಟ್ಟ ಯಜಮಾನ ತೀರಿಕೊಂಡ, ಆಸ್ತಿಗೆ ವಾರಸುದಾರ ಇದ್ದ, ಕೊಟ್ಟ ಮಾತಿಗೆ ಯಾರೂ ಇರಲಿಲ್ಲ. ಯಾರರ ನಿನ್ನ ಹಿಂಗ ಕೇಳಿದ್ರ ಅವತ್ತ ಇಲ್ಲ ಅನ್ನು, ನೌಕರಿ ಹೋದ್ರೂ ಚಿಂತಿಲ್ಲ. ಆಗ್ಲೇ ಸಿಕ್ಕೊಂಡವ್ರು ಯಾರರ ಗೊತ್ತಿದ್ರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗಾಕ ಹೇಳು, ಕೋರ್ಟ್ ಕಾಂಪೌಂಡಿನಾಗ ಇರ್ತೈತಿ, ಕಸ್ಟಡಿಯೊಳಗ ಇರೋರಿಗೆ ಪುಕ್ಕಟ ವಕೀಲ್ರನ್ನ ಕೊಡ್ತಾರ, 1987ರ ಕಾಯ್ದೆ ಐತಿ, ಫೋನ್ ಮಾಡೋದಾದ್ರ 15100.

ಪ್ರಶ್ನೆ (ಕೊಪ್ಪಳ): ಅಕ್ಕಾ, ನಮ್ಮ ಮನ್ಯಾಗ ಎಲ್ಲಾರೂ ಪ್ರಿಯಾ ಕಾಯಬೇಕಿತ್ತು, ಬ್ಯಾರೆಯವನ್ನ ಮದ್ವಿ ಆಗಿ ತಪ್ಪು ಮಾಡಿದ್ಲು ಅಂತಾರ. ನನಗ ಸಿಟ್ಟು ಬರ್ತೈತಿ, ಆದ್ರ ಏನ ಹೇಳಬೇಕು ತಿಳಿಯವಲ್ದು.

ಉತ್ರ: ಸಿಟ್ಟು ಬರೋದು ಸರಿ ಐತಿ ತಂಗಿ. ಅಕಿ ಕಾಯಲಿಲ್ಲ ಅನ್ನೋರು ಆ ಜೈಲಿನ ಭೇಟಿ ಸೀನ್ ಮತ್ತೊಮ್ಮೆ ನೋಡ್ಲಿ. ಹೊರಗ ಇದ್ದಾಕಿ ಅಕಿ, ಓದು, ಹಾಡು, ಮನಿ ಕಷ್ಟ, ತಾಯಿ ಕಣ್ಣೀರು, ಮಂದಿ ಮಾತು ಎಲ್ಲ ಅಕಿ ಮ್ಯಾಲ. ಒಳಗ ಇದ್ದಂವ ಕಡೀಕ ತಾನ ನನ್ನ ಬಿಟ್ಟು ಮುಂದ ಹೋಗು ಅಂದ. ತಾಯಿ ಸುದ್ದಾ ಕೆಟ್ಟಾಕಿ ಅಲ್ಲ, ಮಗಳ ಬಾಳು ಜೈಲಿನ ಗೇಟಿನ ಮುಂದ ಕಳೀಬಾರ್ದು ಅಂದ ತಾಯಿ ಅಕಿ, ಪವಿತ್ರಾ ಲೋಕೇಶ್ ಆ ಪಾತ್ರಕ್ಕ ಎಷ್ಟು ಮರ್ಯಾದಿ ಕೊಟ್ಟಾರ ನೋಡು. ಹೆಣ್ಣುಮಕ್ಳು ಕಾಯ್ದ್ರ ಅದನ್ನ ಯಾರೂ ಎಣಿಸಂಗಿಲ್ಲ, ಕಾಯೋದು ನಿಲ್ಲಿಸಿದ ದಿನ ಮಾತ್ರ ಎಲ್ಲಾರಿಗೂ ಕಾಣತೈತಿ. ಬಳ್ಳಾರಿ ಸೆಂಟ್ರಲ್ ಜೈಲಿನ ಮುಂದ ಕೂಸು ಎತ್ಕೊಂಡು ನಿಂತ ಹೆಣ್ಣುಮಕ್ಳನ್ನ ನೋಡಿದವ್ರು ಪ್ರಿಯಾನ ತಪ್ಪು ಅನ್ನಂಗಿಲ್ಲ.

ಆ ಪಾತ್ರ ಮಾಡಿದ ರುಕ್ಮಿಣಿ ವಸಂತ್ ಅವ್ರ ಬಗ್ಗೆ ಇನ್ನೂ ಮೂವರು ಕೇಳ್ಯಾರ, ಇಲ್ಲೇ ಹೇಳಿಬಿಡ್ತೀನಿ. ಅಶೋಕ ಚಕ್ರ ಪಡೆದ ಕರ್ನಲ್ ವಸಂತ್ ವೇಣುಗೋಪಾಲ್ ಅವ್ರ ಮಗಳು, ಲಂಡನ್ನಿನ ರಾಡಾ ಅನ್ನೋ ನಾಟಕ ಶಾಲೆಯೊಳಗ ಕಲ್ತು ಬಂದಾರ, 2019ರಾಗ ‘ಬೀರ್‌ಬಲ್’ ಅವ್ರ ಮೊದಲನೇ ಸಿನಿಮಾ. ಮಾತು ಇಲ್ಲದ ಕಡೆ ಅವ್ರ ಕಣ್ಣು ಮಾಡಿದ ಕೆಲಸ ಭಾಳ ದಿನ ಉಳೀತೈತಿ. ಸೈಡ್ ಬಿ ಒಳಗ ಇವ್ರ ಜೋಡಿ ಚೈತ್ರಾ ಆಚಾರ್ ಬರ್ತಾರ, ಸುರಭಿ ಅನ್ನೋ ಪಾತ್ರ.

ಪ್ರಶ್ನೆ (ಸಂಡೂರು): ನಮ್ಮೂರ ಗುಡ್ಡದಾಗ ಪುಟ್ಟಣ್ಣ ಕಣಗಾಲ್ ಅವ್ರು ‘ಮಾನಸ ಸರೋವರ’ ಶೂಟಿಂಗ್ ಮಾಡಿದ್ದು ನಮ್ಮಪ್ಪಾರು ಈಗ್ಲೂ ಹೇಳ್ತಾರ. ಅಂಥ ಪ್ರೇಮಕಥೆ ಈಗಿನವ್ರು ಮಾಡಂಗಿಲ್ಲ ಅಂತ ಅವ್ರ ವಾದ. ನೀವೇನಂತೀರಿ?

ಉತ್ರ: ಅಪ್ಪಾರಿಗೆ ನನ್ನ ನಮಸ್ಕಾರ ಹೇಳ್ರಿ. 1982ರ ಸಿನಿಮಾ ಅದು, ಸಂಡೂರಿನ ಬೆಟ್ಟ ಅಷ್ಟು ಚೆಂದ ಬ್ಯಾರೆ ಯಾರೂ ತೋರಿಸಿಲ್ಲ, ಶ್ರೀನಾಥ್ ಅವ್ರ ಕಡೀ ಭಾಗದ ಅಭಿನಯ ನೆನಸ್ಕೊಂಡ್ರ ಈಗ್ಲೂ ಎದಿ ಭಾರ ಆಗ್ತೈತಿ. ಪುಟ್ಟಣ್ಣ ಅವ್ರ ಸಿನಿಮಾದಾಗ ಪ್ರೀತಿ ಮುರಿಯೋದು ಮನಸಿನೊಳಗ, ಮನಸ ಕೈಕೊಡ್ತೈತಿ. ಹೇಮಂತ್ ಅವ್ರ ಸಿನಿಮಾದಾಗ ಇಬ್ರ ಮನಸೂ ಗಟ್ಟಿ ಇರ್ತಾವ, ಹೊರಗಿನ ರೊಕ್ಕ, ಬಾಡಿಗಿ, ಪೊಲೀಸ್ ಸ್ಟೇಷನ್, ದೊಡ್ಡವ್ರ ಸುಳ್ಳು ಬಂದು ಅದನ್ನ ಮುರೀತಾವ. ಹಣೆಬರಹ ಅಂತ ಹೇಳಿ ಕೈ ತೊಳಕೊಂಡಿಲ್ಲ ಈ ಡೈರೆಕ್ಟರ್, ಯಾರು ಮುರಿದ್ರು ಅಂತ ಹೆಸರು ಹಿಡಿದು ತೋರಿಸ್ಯಾರ. ಅದಕ್ಕ ನಾ ಇದನ್ನ ಪುಟ್ಟಣ್ಣ ಅವ್ರ ಸಾಲಿನಾಗ ಕೂಡ್ರಸ್ತೀನಿ. ಇನ್ನೊಂದು, ಅಪ್ಪಾರಿಗೆ ಹಿಡಸ್ತೈತಿ: ಸಿನಿಮಾದ ಹೆಸರು ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ’ ಕವಿತೆಯಿಂದ ತಗೊಂಡಿದ್ದು, ‘ಅಮೆರಿಕಾ ಅಮೆರಿಕಾ’ ಸಿನಿಮಾದೊಳಗ ಹಾಡಾಗಿ ಬಂತಲ್ಲ, ಅದ. ಅವ್ರನ್ನೂ 17ಕ್ಕ ಕರ್ಕೊಂಡು ಹೋಗ್ರಿ, ವಾದ ಆಮ್ಯಾಲ ಮುಂದುವರಸ್ರಿ.

ಪ್ರಶ್ನೆ (ಬಳ್ಳಾರಿ): ನಮ್ಮ ಮನ್ಯಾಗ ತೆಲುಗು, ಹೊರಗ ಕನ್ನಡ. ಸೈಡ್ ಎ ತೆಲುಗಿನಾಗ ನೋಡಿದ್ವಿ. ಸೈಡ್ ಬಿ ಯಾವುದ್ರಾಗ ನೋಡೋದು ಚಲೋ? ಒಟಿಟಿಗೆ ಬರೋ ತನಕ ಕಾದ್ರ ಆಗಂಗಿಲ್ಲೇನು?

ಉತ್ರ: ಸೆಪ್ಟೆಂಬರ್ 22ಕ್ಕ ‘ಸಪ್ತ ಸಾಗರಾಲು ದಾಟಿ’ ಅಂತ ತೆಲುಗಿಗೆ ಬಂದದ್ದು ಒಳ್ಳೇದಾತು, ನಮ್ಮ ಗಡಿ ಊರಾಗ ಎಷ್ಟೋ ಮಂದಿ ಅದರಿಂದಾನ ನೋಡಿದ್ರು. ಮನ್ಯಾಗಿನ ಹಿರ್ಯಾರಿಗೆ ತೆಲುಗು ಹಗುರ ಅನಸಿದ್ರ ಅದನ್ನ ನೋಡ್ರಿ, ತಪ್ಪೇನಿಲ್ಲ. ಆದ್ರ ನಿಮಗ ಕನ್ನಡ ಬರೋದಾದ್ರ ಕನ್ನಡದಾಗ ನೋಡ್ರಿ, ಮನು ಪ್ರಿಯಾ ಜೋಡಿ ಸಣ್ಣ ದನಿಯೊಳಗ ಆಡೋ ಮಾತಿನಾಗ ಅರ್ಧ ಸಿನಿಮಾ ಐತಿ.

ಒಟಿಟಿಗೆ ಮಾತ್ರ ಕಾಯಬ್ಯಾಡ್ರಿ ಅಂತ ಕೈ ಮುಗಿದು ಕೇಳ್ತೀನಿ. ನಮ್ಮ ಕಡೆ ಥಿಯೇಟರ್‌ನವ್ರಿಗೆ ಆಯ್ಕೆ ಭಾಳ, ತೆಲುಗಿನ ದೊಡ್ಡ ಪಿಕ್ಚರ್ ಬಂದ್ರ ಸಮಾಧಾನದ ಕನ್ನಡ ಸಿನಿಮಾ ಮೊದಲು ಮ್ಯಾಟ್ನಿಗೆ ಇಳೀತೈತಿ, ಆಮ್ಯಾಲ ಪೋಸ್ಟರ್ ಸುದ್ದಾ ಇರಂಗಿಲ್ಲ. ಶುಕ್ರವಾರ, ಶನಿವಾರ, ಐತವಾರ ಸೀಟು ತುಂಬಿದ್ರ ಮಾತ್ರ ಎರಡನೇ ವಾರ. ಮತ್ತ ಇದು ಮಂದಿ ಜೋಡಿ ಕುಂತು ನೋಡೋ ಸಿನಿಮಾ. ಸೈಡ್ ಎ ನಾನು ನನ್ನ ನೆಗೆಣ್ಣಿ ಫಸ್ಟ್ ಶೋಕ್ಕ ಹೋಗಿದ್ವಿ, ಇಂಟರ್‌ವಲ್‌ನಾಗ ಮಿರ್ಚಿ ಪೊಟ್ಣ ಹಿಡ್ಕೊಂಡು ಜೋರಾಗಿ ಮಾತಾಡ್ತಿದ್ದ ಹುಡುಗ್ರ ಗುಂಪು ಮುಂದಿನ ಸಾಲಿನಾಗ ಇತ್ತು. ಕಡೀಕ ಪ್ರಿಯಾ ಮದ್ವಿ ನಡಿಯೋ ಹೊತ್ತಿಗೆ ಅವ್ರ ಕಡಿಯಿಂದ ಒಂದ ಸಪ್ಪಳ ಇಲ್ಲ, ಲೈಟ್ ಹಾಕಿದ ಮ್ಯಾಲೂ ಒಬ್ಬ ಹುಡುಗ ಬೈಕಿನ ಕೀಲಿ ಎರಡೂ ಕೈಯಾಗ ಹಿಡ್ಕೊಂಡು ಪರದೆ ನೋಡಕೋಂತ ಕುಂತಿದ್ದ, ಕಸಬರಿಗಿ ಹಿಡ್ಕೊಂಡು ಬಂದ ಅಜ್ಜ ಅವನ್ನ ಏಳಸ್ಲಿಲ್ಲ, ಪಕ್ಕದ ಸಾಲು ಮೊದಲು ಗುಡಿಸಿದ. ಫೋನಿನಾಗ ನೋಡಿದ್ರ ಇದು ಸಿಗಂಗಿಲ್ಲ.

ಪ್ರಶ್ನೆ (ಲಿಂಗಸುಗೂರು): ಮನು ಪ್ರಿಯಾ ಕಡೀಕ ಒಂದಾಗ್ತಾರೇನು ಅಕ್ಕ? ಒಂದಾಗಲಿಲ್ಲ ಅಂದ್ರ ನಾ ನೋಡಂಗೇ ಇಲ್ಲ.

ಉತ್ರ: ಹತ್ತು ವರ್ಷ ಆದ ಮ್ಯಾಲಿನ ಕಥಿ ಅದು, ಅಕಿಗೆ ಒಂದು ಸಂಸಾರ ಐತಿ. ಸೈಡ್ ಎ ಪೂರಾ ನೀಲಿ ಬಣ್ಣದಾಗ ಇತ್ತು, ಸೈಡ್ ಬಿ ಟೀಸರ್ ತುಂಬ ಕೆಂಪು, ಅಂದ್ರ ಮನು ಒಳಗ ಸಿಟ್ಟು ಎಷ್ಟು ತುಂಬೈತಿ ತಿಳ್ಕೊ. ಇಬ್ರನ್ನ ಕೂಡಿಸಿ ಕೈ ಮುಗಿದ್ರ ಆ ಹತ್ತು ವರ್ಷಕ್ಕ ಬೆಲೆ ಇರಂಗಿಲ್ಲ ಅಂತ ನನಗ ಅನ್ಸತೈತಿ. ನಾ ಕಾಯೋದು ಅವ್ರಿಬ್ರಿಗೆ ನ್ಯಾಯ ಸಿಗಲಿ ಅಂತ. ಮನುನ ಜೈಲಿಗೆ ಕಳಿಸಿದವ್ರು ಆರಾಮ ಇರಬಾರ್ದು, ಪ್ರಿಯಾ ಸಣ್ಣಾಕಿ ಆಗಬಾರ್ದು, ಅಕಿ ಗಂಡನೂ ಸುಮ್ನ ವಿಲನ್ ಆಗಬಾರ್ದು. ಇಷ್ಟು ಆದ್ರ ಅವ್ರು ಒಂದಾಗದಿದ್ರೂ ನಾ ಸಮಾಧಾನದಿಂದ ಮನಿಗೆ ಬರ್ತೀನಿ, ನೀನೂ ಬಾ.

ಪ್ರಶ್ನೆ (ಸಿಂಧನೂರು): ಸೈಡ್ ಎ ನೋಡದ ನೇರ ಸೈಡ್ ಬಿ ನೋಡಬಹುದೇನು? ಈ ಸಲ ಮಳಿ ಇಲ್ಲ, ಎರಡೆರಡು ಸಲ ಟಿಕೆಟ್ ಖರ್ಚು ಮಾಡೋದು ಕಷ್ಟ ಐತಿ.

ಉತ್ರ: ಬ್ಯಾಡ್ರಿ ಅಣ್ಣಾರ, ಅರ್ಧ ಊಟ ಆಗ್ತೈತಿ. ಸೈಡ್ ಎ ಸೆಪ್ಟೆಂಬರ್ 29ರಿಂದ ಅಮೆಜಾನ್ ಪ್ರೈಮ್‌ನಾಗ ಐತಿ, ಯಾರರ ಮನ್ಯಾಗ ಇದ್ರ ನಾಕು ಮಂದಿ ಕೂಡಿ ಕುಂತು ಮುಗಿಸಿಬಿಡ್ರಿ, ಟಿಕೆಟ್ ರೊಕ್ಕ ಸೈಡ್ ಬಿಗೆ ಇಡ್ರಿ.