1 ಮಿ.ಮೀ. ತೂತು: ಮೊದಲು ವೇಗ ನೋಡಿ

ಮೆದು ಉಕ್ಕಿನಲ್ಲಿ 1 ಮಿ.ಮೀ. ತೂತು ಕೊರೆಯುವಾಗ ಡ್ರಿಲ್ ಬಿಟ್ (ಕೊರೆಯುವ ಕಡ್ಡಿ) ಪಕ್ಕಕ್ಕೆ ಸರಿದು ಮುರಿಯುತ್ತದೆ ಎಂದಿದ್ದೀರಿ. ನೀವು ಇಟ್ಟಿರುವ ನಿಮಿಷಕ್ಕೆ 1,200 ಸುತ್ತು ತೀರಾ ಕಡಿಮೆ. ಕತ್ತರಿಸುವ ವೇಗ, ಅಂದರೆ ಬಿಟ್‌ನ ಅಂಚು ಲೋಹದ ಮೇಲೆ ಸಾಗುವ ವೇಗ, ನಿಮಿಷಕ್ಕೆ 25 ಮೀಟರ್ ಎಂದು ಹಿಡಿದರೂ ಸುಮಾರು 8,000 ಸುತ್ತು ಬೇಕು. ಯಂತ್ರ ಅಷ್ಟು ಓಡದಿದ್ದರೆ ಗರಿಷ್ಠ ವೇಗದಲ್ಲಿಟ್ಟು ಕೈ ಹಗುರ ಮಾಡಿ.

ಪಂಚ್‌ನಿಂದ (ಚೂಪು ಉಳಿಯಿಂದ) ಹೊಡೆದ ಗುರುತೊಂದನ್ನೇ ನಂಬಬೇಡಿ. ಸೆಂಟರ್ ಡ್ರಿಲ್‌ನ (ಆರಂಭದ ಕುಳಿ ತೋಡುವ ಗಿಡ್ಡ, ಗಟ್ಟಿ ಬಿಟ್‌ನ) ತುದಿ ಮುಟ್ಟಿಸಿ ಪುಟ್ಟ ಕುಳಿ ಮಾಡಿ, ಉಕ್ಕನ್ನು ಹಿಡಿದಿರುವ ವೈಸ್ ಕದಲಿಸದೆ 1 ಮಿ.ಮೀ. ಬಿಟ್‌ಗೆ ಬದಲಿಸಿ. ಈ ಬಿಟ್, ಅದನ್ನು ಹಿಡಿಯುವ ಚಕ್‌ನಿಂದ ಬೇಕಾದಷ್ಟೇ ಹೊರಚಾಚಿರಲಿ. ಅರ್ಧ ಮಿಲಿಮೀಟರ್ ಇಳಿಸಿ, ಪೂರ್ತಿ ಹೊರತೆಗೆದು, ಕುಂಚದಿಂದ ಚೂರು ಒರೆಸಿ, ಎಣ್ಣೆ ಸವರಿ ಮತ್ತೆ ಇಳಿಸಿ. ಬೇಸರದ ಕೆಲಸ, ನಿಜ. ಆದರೆ ಬಿಟ್ ಹೆಚ್ಚಾಗಿ ಮುರಿಯುವುದು ಅದರ ಸುರುಳಿ ತೋಡಿನಲ್ಲಿ ಚೂರು ಕಿಕ್ಕಿರಿದಾಗಲೇ. ಅಳತೆ ಕರಾರುವಾಕ್ಕಾಗಿ ಬೇಕಿದ್ದರೆ 0.95 ಮಿ.ಮೀ. ಬಿಟ್‌ನಲ್ಲಿ ಕೊರೆದು ರೀಮರ್ (ತೂತನ್ನು ನಿಖರ ಅಳತೆಗೆ ಹೆರೆಯುವ ಉಪಕರಣ) ಹಾಕಿ.